ಅಂಗೈ ಮೇಲಿನ ಸಾರು

"ಈ ಗಂಜಿಗಿಷ್ಟು ಬೆಂಕಿ ಹಾಕ!" ಎಂದು ದೊಡ್ಡಮ್ಮ ಪಾತ್ರೆಯನ್ನು ಒಲೆಕಟ್ಟೆಯ ಮೇಲೆ ಕುಕ್ಕಿದಳು. ಗಂಜಿ ಚಿಮ್ಮಿ ಗೋಡೆಗೆ ಬಿತ್ತು. "ಕುಡಿದೂ ಕುಡಿದೂ ಇವಳು ಕಡ್ಡಿ ಆಗಿದ್ದಾಳೆ. ನೋವು ಮಾತ್ರ ಹಾಗೇ ಇದೆ. ಕಾಯಿಲೆ ಬಿದ್ದೋರಿಗೆ ಮೈಗೆ ಹತ್ತೋ ಊಟ ಹಾಕ್ಬೇಕೋ, ಅಕ್ಕಿ ತೊಳೆದ ನೀರು ಕುಡಿಸ್ಬೇಕೋ?"

ಅಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದಳು. ಎದೆಗೂಡಿನ ಕೆಳಗೆ ಮುಷ್ಟಿ ಒತ್ತಿಕೊಂಡಿದ್ದಳು. 

ನಾನು ಬಟ್ಟೆ ತಂದು ಗೋಡೆ ಒರೆಸಿದೆ. ನನಗೂ ಸಿಟ್ಟು ಬಂದಿತ್ತು. ಗಂಜಿಯ ಮೇಲೆ, ಮೆತ್ತಗಿನ ಊಟ ಹೇಳಿದ ಡಾಕ್ಟರ ಮೇಲೆ, ಪಾತ್ರೆ ಕುಕ್ಕುವ ದೊಡ್ಡಮ್ಮನ ಮೇಲೆ. ಆದರೆ ನನ್ನ ಸಿಟ್ಟು ಗಂಟಲವರೆಗೆ ಬಂದು ಅಲ್ಲಿಂದಲೇ ವಾಪಸು ಹೋಗುವಂಥದ್ದು.

ನಮ್ಮ ಮನೆಯಲ್ಲಿ ಮೂರೇ ಜನ. ಅಮ್ಮ, ಅಮ್ಮನ ಅಕ್ಕ, ನಾನು. ಅಮ್ಮ ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳು. ಗಾಜು ಕರಗಿಸುವ ಕುಲುಮೆಯ ಮುಂದೆ ದಿನವಿಡೀ ನಿಲ್ಲುವವರಿಗೆ ಸಪ್ಪೆ ಊಟ ರುಚಿಸುವುದಿಲ್ಲ. ಕಣ್ಣು ಮೂಗಿನಲ್ಲಿ ನೀರು ಇಳಿದರೆ ಮಾತ್ರ ಅದು ಊಟ. ಇಲ್ಲದಿದ್ದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಾರೆ. ಅಮ್ಮನ ಅಡುಗೆಗೆ ತಟ್ಟೆ ತಳ್ಳಿದವರೇ ಇಲ್ಲ. ಅದೇ ಅವಳ ಹೆಮ್ಮೆ.

ಅಮ್ಮನಿಗೆ ಹೊಟ್ಟೆನೋವು ಜೋರಾದಾಗ ದೊಡ್ಡಾಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ಬಾಯಿಯ ಮೂಲಕ ಸಣ್ಣ ಕೊಳವೆ ಇಳಿಸಿ ನೋಡಿದರು. ಜಠರದಲ್ಲಿ ಹುಣ್ಣಾಗಿದೆ ಎಂದರು. ಮಾತ್ರೆ ಬರೆದುಕೊಟ್ಟರು. ಖಾರ, ಹುಳಿ, ಕರಿದದ್ದು ಬಿಟ್ಟು ಮೆತ್ತಗಿನ ಊಟ ಮಾಡಲು ಹೇಳಿದರು. ಅಮ್ಮ ಮನೆಯಲ್ಲಿ ಅದನ್ನು ವ್ರತದಂತೆ ಪಾಲಿಸಿದಳು. ದೊಡ್ಡಮ್ಮ ಒಮ್ಮೆ ಗಂಜಿಗೆ ಎರಡು ಕಾಳು ಮೆಣಸು ಹಾಕಿದ್ದಕ್ಕೆ ಬಟ್ಟಲನ್ನೇ ಮುಟ್ಟಿರಲಿಲ್ಲ. ಆದರೂ ನೋವು ಬಿಡಲಿಲ್ಲ. ಇದೇ ನಮಗೆ ಅರ್ಥವಾಗದ ಸಂಗತಿ.

ಪಾತ್ರೆಯ ಸದ್ದು ಕೇಳಿ ಎದುರುಮನೆಯ ನರ್ಸಕ್ಕ ಬಂದಳು. ಅವಳು ಕಾರ್ಖಾನೆಯ ಗೇಟಿನ ಪಕ್ಕದ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ.

"ಯಾರ ಮೇಲೆ ದೊಡ್ಡಮ್ಮ, ಈ ಯುದ್ಧ?"

"ನಿಮ್ಮ ಡಾಕ್ಟರ ಗಂಜಿ ಮೇಲೆ! ನಾಳೆಯಿಂದ ಇವಳಿಗೆ ಕರಿದ ಮಾಂಸ ಹಾಕ್ತೀನಿ. ನಾಲ್ಕು ದಿನದಲ್ಲಿ ಎದ್ದು ಕೂರ್ತಾಳೆ ನೋಡು."

"ಎದ್ದು ಕೂರಲ್ಲ, ಬಿದ್ದು ಹೋಗ್ತಾರೆ," ನರ್ಸಕ್ಕ ಖಡಕ್ಕಾಗಿ ಹೇಳಿದಳು. "ನಿಮ್ಮ ಮೊಣಕಾಲು ತರಚಿದ್ರೆ ಅದರ ಮೇಲೆ ಖಾರದ ಪುಡಿ ಉದುರಿಸ್ಕೋತೀರಾ? ಇದೂ ಗಾಯಾನೇ. ಒಳಗಿದೆ, ಕಣ್ಣಿಗೆ ಕಾಣಲ್ಲ ಅಷ್ಟೆ. ಗಾಯ ಮಾಯಿಸೋದು ಮಾತ್ರೆ. ಊಟ ಅದನ್ನ ಕೆರೀದೆ ಸುಮ್ನಿರಬೇಕು. ಮತ್ತೆ ಗಂಜಿ ಒಂದೇ ಕುಡಿಸಿ ಅಂತ ಯಾರು ಹೇಳಿದ್ದು?"

"ಮತ್ತೇನು ಕೊಡೋದು, ಗಾಳಿನಾ?"

"ಮೆತ್ತಗೆ ಬೆಂದ ಅನ್ನ ಕೊಡಿ. ಬೇಯಿಸಿದ ಮೊಟ್ಟೆ, ಆವಿಯಲ್ಲಿ ಬೆಂದ ಮೀನು, ಸಿಪ್ಪೆ ತೆಗೆದು ಬೇಯಿಸಿದ ಕ್ಯಾರೆಟ್ಟು, ಆಲೂಗಡ್ಡೆ, ಬಾಳೆಹಣ್ಣು. ಒಂದೇ ಸಲ ಹೊಟ್ಟೆ ಬಿರಿಯೋ ಹಾಗೆ ಬೇಡ, ಸ್ವಲ್ಪ ಸ್ವಲ್ಪ ಕೊಡಿ. ಯಾವುದು ತಿಂದ್ರೆ ಉರಿ ಬರುತ್ತೋ ಅದನ್ನ ಸದ್ಯಕ್ಕೆ ಬಿಡಿ. ಮೆತ್ತಗಿನ ಊಟ ಅಂದ್ರೆ ಉಪವಾಸ ಕೆಡವೋದಲ್ಲ ದೊಡ್ಡಮ್ಮ."

ಆಮೇಲೆ ಅವಳು ಅಮ್ಮನ ಮುಂದೆ ಕೂತು ಕೇಳಿದಳು. "ಅಕ್ಕ, ನಿಜ ಹೇಳಿ. ಖಾರ ಏನಾದ್ರೂ ತಿಂದ್ರಾ?"

"ದೇವರಾಣೆ ಇಲ್ಲಮ್ಮ. ಒಂದು ತುತ್ತೂ ಇಲ್ಲ."

"ಮಾತ್ರೆ?"

"ತಪ್ಪಿಸಿಲ್ಲ."

ನರ್ಸಕ್ಕ ಹುಬ್ಬು ಗಂಟಿಕ್ಕಿದಳು. "ಹಾಗಿದ್ರೆ ನೋವು ಕಮ್ಮಿ ಆಗ್ಬೇಕಿತ್ತು. ನಾಳೆ ಡಾಕ್ಟರ ಹತ್ರ ಹೋಗಿ."

"ನಾಳೆ ಆಗಲ್ಲ. ಕ್ಯಾಂಟೀನ್ ಯಾರು ನೋಡ್ತಾರೆ?" ಎಂದು ಅಮ್ಮ ಮುಖ ತಿರುಗಿಸಿದಳು.

ಮರುದಿನ ಅಮ್ಮ ಊಟದ ಡಬ್ಬಿ ಮರೆತು ಹೋದಳು. ನಾನು ತೆಗೆದುಕೊಂಡು ಹೋದೆ. ಕ್ಯಾಂಟೀನಿನ ಹಿಂಬಾಗಿಲು ತೆರೆದಿತ್ತು. ಒಳಗೆ ಕಾಲಿಟ್ಟ ತಕ್ಷಣ ಮೆಣಸಿನಕಾಯಿ ಹುರಿದ ಘಾಟಿಗೆ ಕೆಮ್ಮು ಬಂತು. ಒಂದು ಮೂಲೆಯಲ್ಲಿ ಈರುಳ್ಳಿ ಹೆಚ್ಚುವ ಅಕ್ಕ ಕಣ್ಣೀರು ಸುರಿಸುತ್ತಾ ನಗುತ್ತಿದ್ದಳು. ಅವಳನ್ನು ಎಲ್ಲರೂ ಅಳುಮುಂಜಿ ಎಂದೇ ಕರೆಯುತ್ತಾರೆ. ಅಮ್ಮ ದೊಡ್ಡ ಒಲೆಗಳ ಸಾಲಿನ ಮುಂದೆ ನಿಂತಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು.

ಮೊದಲನೆಯ ಹಂಡೆಯಿಂದ ಸೌಟಿನಲ್ಲಿ ಕೆಂಪು ಸಾರು ತೆಗೆದಳು. ಎಡ ಅಂಗೈ ಮೇಲೆ ಸುರಿದುಕೊಂಡಳು. ನೆಕ್ಕಿದಳು. ನುಂಗಿದಳು. "ಉಪ್ಪು ಬೇಕು" ಎಂದಳು. ಉಪ್ಪು ಹಾಕಿ ಕಲಕಿದ ಮೇಲೆ ಮತ್ತೆ ಅಂಗೈ, ಮತ್ತೆ ನುಂಗು. ಅಲ್ಲಿಂದ ಪಕ್ಕದ ಹಂಡೆಗೆ. ಅಲ್ಲಿಂದ ಹುಳಿ ಕಲಸಿದ ಬೋಗುಣಿಗೆ. ಕರಿದ ಮೀನಿನ ತುಂಡು ಮುರಿದು ಬಾಯಿಗೆ. ನಾನು ಕಲ್ಲಿನಂತೆ ನಿಂತು ನೋಡುತ್ತಿದ್ದೆ.

ಕ್ಯಾಂಟೀನ್ ಮ್ಯಾನೇಜರ್ ಬಾಗಿಲಿನಿಂದ ಇಣುಕಿದ. "ಅಕ್ಕಾ, ಖಾರ ಸರಿಯಾಗಿದೆಯಾ? ನಿನ್ನೆ ಕುಲುಮೆಯವರು ಸಪ್ಪೆ ಅಂತ ಗಲಾಟೆ ಮಾಡಿದ್ರು."

ಅಮ್ಮ ಮತ್ತೊಮ್ಮೆ ನೆಕ್ಕಿ, "ಇವತ್ತು ಮಾತಾಡಲ್ಲ ಬಿಡಿ" ಎಂದಳು. ಹಣೆ ಒತ್ತಿಕೊಂಡಳು. ಅವನು ಜೇಬಿನಿಂದ ಮಾತ್ರೆ ತೆಗೆದು ಕೊಟ್ಟ. "ತಲೆನೋವಾ? ತಗೊಳ್ಳಿ, ದಿನಾ ತಗೊಳ್ಳೋದೇ." ಅಮ್ಮ ಅದನ್ನೂ ನುಂಗಿದಳು. ಹೊಗೆಗೆ ಅವಳಿಗೆ ದಿನಾ ತಲೆನೋವು ಬರುತ್ತಿತ್ತು. ದಿನಾ ಅವನು ಮಾತ್ರೆ ಕೊಡುತ್ತಿದ್ದನೆಂದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ಅವಳು ತಿರುಗಿ ನನ್ನನ್ನು ಕಂಡು ನಕ್ಕಳು. "ಗಂಜಿ ತಂದೆಯಾ? ಕೊಡು. ನಾನು ಬೇರೇನೂ ತಿಂದಿಲ್ಲ ನೋಡು, ಬೆಳಿಗ್ಗೆಯಿಂದ ಹಸಿದಿದ್ದೀನಿ."

ಗಂಟಲಿನವರೆಗೆ ಬಂದ ಸಿಟ್ಟು ಆ ದಿನ ವಾಪಸು ಹೋಗಲಿಲ್ಲ.

"ಬೇರೇನೂ ತಿಂದಿಲ್ವಾ? ಈಗ ತಿಂದಿದ್ದೇನಮ್ಮಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹೆಚ್ಚುವ ಚಾಕುಗಳೆಲ್ಲ ನಿಂತವು.

ಅಮ್ಮ ಬೆಚ್ಚಿದಳು. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖವಲ್ಲ ಅದು. ನಿಜಕ್ಕೂ ಅರ್ಥವಾಗದ ಮುಖ. "ಅದು ತಿನ್ನೋದಲ್ಲ ಕಣೇ. ರುಚಿ ನೋಡೋದು. ಕೆಲಸ ಅದು."

"ಹೊಟ್ಟೆಗೆ ಹೋಯ್ತೋ ಇಲ್ವೋ?"

"ನಾಲಿಗೆಗೆ ಅಷ್ಟೆ..."

"ನಾಲಿಗೆಗೆ ಆದ್ರೆ ಉಗುಳ್ಬೇಕಿತ್ತು! ಉಗುಳ್ತೀಯಾ?"

"ಥೂ, ಏನು ಮಾತು! ಅಡುಗೆ ಮಾಡಿದವಳೇ ಉಗುಳಿದ್ರೆ ಅದನ್ನ ಯಾರು ತಿಂತಾರೆ?"

ಬೆಳಿಗ್ಗೆ ಖಾಲಿ ಹೊಟ್ಟೆಗೆ ಖಾರ, ಹುಳಿ, ಎಣ್ಣೆ. ಅದರ ಮೇಲೆ ನೋವಿನ ಮಾತ್ರೆ. ಮಧ್ಯಾಹ್ನ ಒಂದು ಬಟ್ಟಲು ಗಂಜಿ. ನಾವು ಮನೆಯಲ್ಲಿ ಕೂತು ಬೈದದ್ದು ಮಾತ್ರ ಗಂಜಿಗೆ!

ಅಮ್ಮ ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಖ ಬಿಳಿಚಿಕೊಂಡು ಬೆವರಿತು. ಈರುಳ್ಳಿ ಮೂಟೆಯ ಮೇಲೆ ಕುಸಿದು ಕೂತಳು. ಅಳುಮುಂಜಿ ಅಕ್ಕ ಚಾಕು ಬಿಸಾಕಿ ಓಡಿ ಬಂದಳು. ಇಬ್ಬರೂ ಅವಳನ್ನು ಹಿಡಿದುಕೊಂಡು ಗೇಟಿನ ಪಕ್ಕದ ಆರೋಗ್ಯ ಕೇಂದ್ರಕ್ಕೆ ನಡೆಸಿದೆವು.

ಕಂಡದ್ದನ್ನೆಲ್ಲ, ತಲೆನೋವಿನ ಮಾತ್ರೆಯನ್ನೂ ಸೇರಿಸಿ, ನಾನು ಹೇಳಿದೆ. ನರ್ಸಕ್ಕ ನಾಡಿ ಹಿಡಿದು ನೇರವಾಗಿ ಕೇಳಿದಳು. "ಅಕ್ಕ, ಮಲ ಯಾವ ಬಣ್ಣ ಇದೆ?"

"ಅಯ್ಯೋ, ಇದನ್ನೆಲ್ಲಾ ಕೇಳ್ತಾರಾ?"

"ನಾನು ಕೇಳ್ತೀನಿ. ನಾಚಿಕೆ ಆಮೇಲೆ ಪಡಿ. ಹೇಳಿ."

"ಕಪ್ಪಗೆ... ಡಾಂಬರಿನ ಥರ. ಡಾಕ್ಟರು ಕೊಟ್ಟ ಮಾತ್ರೆಯಿಂದ ಇರ್ಬೇಕು ಅಂದ್ಕೊಂಡೆ."

"ಯಾರಿಗೂ ಹೇಳಲಿಲ್ವಾ? ನಿನ್ನೆ ನಾನೇ ಬಂದು ಮುಂದೆ ಕೂತಿದ್ದೆನಲ್ಲ!" ನರ್ಸಕ್ಕ ಮೇಜಿಗೆ ಕೈ ಬಡಿದಳು. ಬೈಯುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದಳು. "ಹುಣ್ಣಿನಿಂದ ರಕ್ತ ಸೋರ್ತಿದೆ. ಕಪ್ಪಾಗೋದು ಅದಕ್ಕೇ. ಆ ತಲೆನೋವಿನ ಮಾತ್ರೆ ಕೊಟ್ಟೋನು ಯಾರು? ಹುಣ್ಣಿರೋರಿಗೆ ಅಂಥ ಮಾತ್ರೆ ಡಾಕ್ಟರನ್ನ ಕೇಳದೆ ಕೊಡ್ತಾರಾ?"

ಆಸ್ಪತ್ರೆಯಲ್ಲಿ ಅಮ್ಮನಿಗೆ ರಕ್ತ ಏರಿಸಿದರು. ಮತ್ತೆ ಕೊಳವೆ ಇಳಿಸಿ ಸೋರುವ ಜಾಗ ಮುಚ್ಚಿದರು. ಡಾಕ್ಟರು ಹೊರಗೆ ಬಂದು, "ಇನ್ನೂ ತಡ ಮಾಡಿದ್ದರೆ ನಮ್ಮ ಕೈಯಲ್ಲೂ ಏನೂ ಇರ್ತಿರಲಿಲ್ಲ" ಎಂದರು. ದೊಡ್ಡಮ್ಮ ಬೆಂಚಿನ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಅವಳು ಹಾಕುತ್ತೇನೆಂದಿದ್ದ ಕರಿದ ಮಾಂಸದ ಮಾತನ್ನು ಯಾರೂ ಎತ್ತಲಿಲ್ಲ.

ಅಮ್ಮ ಚೇತರಿಸಿಕೊಂಡು ದಿಂಬಿಗೆ ಒರಗಿ ಕೂರುವ ಹೊತ್ತಿಗೆ ಮ್ಯಾನೇಜರ್ ಬಂದ. ಕೈಯಲ್ಲಿ ಹಣ್ಣಿನ ಚೀಲ, ಬಾಯಲ್ಲಿ ದೂರು.

"ಅಕ್ಕಾ, ಯಾವಾಗ ಬರ್ತೀರಾ? ನೀವಿಲ್ದೆ ದಿನಾ ಗಲಾಟೆ. ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಖಾರ ಇಲ್ಲ. ಅಡುಗೆ ಬೇರೆಯವರು ಮಾಡ್ತಾರೆ, ನೀವು ಬಂದು ರುಚಿ ನೋಡಿ ಹೋದ್ರೂ ಸಾಕು."

ಅಮ್ಮ ಹೂಂ ಎನ್ನುವುದರಲ್ಲಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ಎದ್ದು ನಿಂತಳು.

"ಏನಯ್ಯಾ, ನಿನ್ನ ಬಾಯಲ್ಲಿ ನಾಲಿಗೆ ಇಲ್ವಾ?"

"ಇದೆ... ಯಾಕೆ?"

"ಬೈಯೋಕೆ ಮಾತ್ರ ಇಟ್ಕೊಂಡಿದ್ದೀಯಾ? ಉಪ್ಪು ನೋಡೋಕೆ ಆಗಲ್ವಾ? ಅಷ್ಟು ಜನ ಉಣ್ಣೋ ಕ್ಯಾಂಟೀನಲ್ಲಿ ಒಬ್ಬಳ ಹೊಟ್ಟೆನೇ ಸಿಕ್ಕಿದ್ದಾ ನಿನಗೆ? ಇನ್ನೊಂದು ಸಲ ಅವಳಿಗೆ ಮಾತ್ರೆ ಗೀತ್ರೆ ಕೊಟ್ಟೆಯೋ, ಆ ಹಂಡೆಲೇ ನಿನ್ನ ಕುದಿಸ್ತೀನಿ!"

ಪಕ್ಕದ ಹಾಸಿಗೆಯ ಅಜ್ಜಿ ನೋವಿನ ನಡುವೆಯೂ ಕಿಸಕ್ಕನೆ ನಕ್ಕಳು. ಮ್ಯಾನೇಜರ್ ಹಣ್ಣಿನ ಚೀಲ ಇಟ್ಟು ಮೆಲ್ಲಗೆ ಜಾರಿಕೊಂಡ. ದೊಡ್ಡಮ್ಮ ಚೀಲ ಬಿಚ್ಚಿ ನೋಡಿದಳು. ಹುಳಿ ಹಣ್ಣುಗಳನ್ನು ತೆಗೆದು ಪಕ್ಕಕ್ಕಿಟ್ಟಳು. ಒಂದು ಬಾಳೆಹಣ್ಣು ಸುಲಿದು ಅಮ್ಮನ ಕೈಗೆ ಕೊಟ್ಟಳು. "ಸ್ವಲ್ಪ ಸ್ವಲ್ಪ ತಿನ್ನು" ಎಂದಳು, ಸಿಟ್ಟಿನಲ್ಲೇ.

ಈಗ ಅಮ್ಮ ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ಹಂಡೆಗಳ ಮುಂದೆ ಸ್ಟೂಲಿನ ಮೇಲೆ ಕೂರುತ್ತಾಳೆ. ಬಣ್ಣ ನೋಡಿ, ವಾಸನೆ ಹಿಡಿದು ಹೇಳುತ್ತಾಳೆ. ಅಂಗೈ ಒಡ್ಡುವುದು ಮ್ಯಾನೇಜರ್. ಮೊದಲ ದಿನ ಎರಡನೆಯ ಹಂಡೆಗೇ ಅವನ ಕಣ್ಣು ಕೆಂಪಾಯಿತಂತೆ, ಬಿಕ್ಕಳಿಕೆ ಹತ್ತಿತಂತೆ. "ಅಯ್ಯಯ್ಯೋ ಅಕ್ಕಾ, ಇದನ್ನ ನೀವು ದಿನಾ ನುಂಗ್ತಿದ್ರಾ?" ಎಂದು ನೀರಿಗೆ ಓಡಿದನಂತೆ. ಅಳುಮುಂಜಿ ಅಕ್ಕ ಅವನಿಗೆ ತನ್ನ ಹೆಸರನ್ನೇ ಬಿಟ್ಟುಕೊಟ್ಟಳಂತೆ. ಕುಲುಮೆಯವರು ಒಂದೆರಡು ದಿನ ಗೊಣಗಿದರು. ಆದರೂ ಯಾರೂ ತಟ್ಟೆ ತಳ್ಳಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಅಮ್ಮನಿಗೆಂದೇ ಬೇರೆ ಪಾತ್ರೆ ಇಟ್ಟಿದ್ದಾಳೆ. ಅನ್ನ ಬೆಂದಿದೆಯೇ ಎಂದು ಬೆರಳಿನಲ್ಲಿ ಹಿಸುಕಿ ನೋಡುತ್ತಾಳೆ. ಡಾಕ್ಟರು ಒಪ್ಪಿದ ಮೇಲೆ ಒಂದೊಂದೇ ಪದಾರ್ಥವನ್ನು ಸ್ವಲ್ಪವೇ ಸೇರಿಸಿ, ಒಗ್ಗಿದರೆ ಮಾತ್ರ ಮುಂದುವರಿಸುತ್ತಿದ್ದಾಳೆ. ಅಮ್ಮನ ಮುಷ್ಟಿ ಈಗ ಎದೆಗೂಡಿನ ಕೆಳಗೆ ಇರುವುದಿಲ್ಲ. ನನ್ನ ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಅದಕ್ಕೇ ಇದನ್ನು ಬರೆದು ನಿಮ್ಮ ಕೈಗೆ ಕೊಡುತ್ತಿದ್ದೇನೆ.

ಇದನ್ನು ಓದುತ್ತಿರುವವರೇ, ಓದಿ ಹೇಳುವುದನ್ನು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲಿ ಹೊಟ್ಟೆ ಹುಣ್ಣಿನವರು ಇದ್ದಾರೆಯೇ? ಅವರು ಏನು ಉಂಡರು ಎಂದು ಕೇಳಿದರೆ ಸಾಲದು. ಏನು ರುಚಿ ನೋಡಿದರು, ಯಾವ ಮಾತ್ರೆ ನುಂಗಿದರು ಎಂದೂ ಕೇಳಿ. ಡಾಕ್ಟರು ಬರೆದ ಮಾತ್ರೆಯನ್ನು ನೋವು ಇಳಿಯಿತೆಂದು ನಡುವೆ ನಿಲ್ಲಿಸಲು ಬಿಡಬೇಡಿ. ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ನಾಚಿಕೆಯನ್ನು ಬದಿಗಿಟ್ಟು ಆಗಲೇ ಆಸ್ಪತ್ರೆಗೆ ಓಡಿ.

ಮತ್ತೆ, ನಿಮ್ಮ ಮನೆಯ ಒಲೆಯ ಮುಂದೆ ಈಗ ಯಾರು ನಿಂತಿದ್ದಾರೆ, ಒಮ್ಮೆ ತಿರುಗಿ ನೋಡಿ. ನಿಮ್ಮೆಲ್ಲರ ಉಪ್ಪು ಖಾರ ಮೊದಲು ಇಳಿಯುವುದು ಅವರ ಹೊಟ್ಟೆಗೆ. ಅವರ ಹೊಟ್ಟೆ ನೊಂದಿದ್ದರೆ ಎದ್ದು ಹೋಗಿ. ಅಂಗೈ ಒಡ್ಡಿ. ಇವತ್ತಿನ ಸಾರಿನ ಉಪ್ಪು ನೀವು ನೋಡಿ.