ಹೊಸ್ತಿಲಲ್ಲಿ ಕೇಳಿದ ಹೆಸರು

ಷಡಕ್ಷರಪ್ಪ ಮೇಷ್ಟ್ರು ಹಾರನಹಳ್ಳಿಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ, ನಿವೃತ್ತರಾಗಿ ಅರಸೀಕೆರೆಯಲ್ಲಿ ನೆಲೆಸಿದ್ದರು. ತಮ್ಮ ಹೆಸರನ್ನು ಯಾರಾದರೂ ‘ಸಡಕ್ಷರಪ್ಪ’ ಎಂದರೆ ಮುಗಿಯಿತು, ಎದುರಿಗಿರುವವರು ತಹಸೀಲ್ದಾರರೇ ಆಗಲಿ, ನಾಲಿಗೆ ಮಡಿಸಿ ‘ಷ’ ಹೇಳಿಸಿಯೇ ಬಿಡುತ್ತಿದ್ದರು. ಹೆಂಡತಿ ಶಾಂತಾದೇವಿಗೆ ಮಾತ್ರ ಈ ಪಾಠ ಮಾಡುವ ಭಾಗ್ಯ ಅವರಿಗೆ ಸಿಕ್ಕಿರಲಿಲ್ಲ. ಆಕೆ ಗಂಡನ ಹೆಸರನ್ನೇ ಹೇಳುತ್ತಿರಲಿಲ್ಲ.

‘ಇವರು’, ‘ನಮ್ಮನೆಯೋರು’, ಸಿಟ್ಟು ಬಂದರೆ ‘ಹೇಮಾಶ್ರೀ ಅಪ್ಪ’. ಇಷ್ಟರಲ್ಲೇ ಮೂವತ್ತೇಳು ವರ್ಷದ ಸಂಸಾರ ಸಾಗಿತ್ತು. ಒಮ್ಮೆ ಬೇಲೂರಿನ ದೇವಸ್ಥಾನದಲ್ಲಿ ಮೇಷ್ಟ್ರು ತಪ್ಪಿಸಿಕೊಂಡಾಗ, ಮೈಕಿನವನು ಯಾರನ್ನು ಕೂಗಲಿ ಎಂದು ಕೇಳಿದ್ದಕ್ಕೆ ಆಕೆ ‘ಅರಸೀಕೆರೆ ಮೇಷ್ಟ್ರು’ ಅಂದುಬಿಟ್ಟರು. ನಾಲ್ಕು ಜನ ಮೇಷ್ಟ್ರುಗಳು ಗಾಬರಿಯಾಗಿ ಓಡಿಬಂದರು. ನಮ್ಮ ಮೇಷ್ಟ್ರು ಮಾತ್ರ, ಪಾಪ ಯಾರೋ ಕಳೆದುಹೋಗಿದ್ದಾರೆ ಎಂದುಕೊಂಡು ಮಂಟಪದ ನೆರಳಲ್ಲಿ ನೆಮ್ಮದಿಯಾಗಿ ಪುಳಿಯೋಗರೆ ತಿನ್ನುತ್ತಿದ್ದರು.

ಒಂದೇ ಒಂದು ಸಲ ಹೆಸರು ಹೇಳಿದ್ದಾಳೆ ಎಂಬುದು ಮೇಷ್ಟ್ರ ವಾದ. ಮದುವೆಯಾಗಿ ಜಾವಗಲ್ಲಿನಿಂದ ಬಂದ ಹೆಣ್ಣನ್ನು ಮೇಷ್ಟ್ರ ಅಕ್ಕ ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳಿದರಷ್ಟೇ ಒಳಗೆ ಬಿಡುವುದು ಎಂದು ಪಟ್ಟು ಹಿಡಿದಿದ್ದಳು. ಆಗ ಹೇಳಿದಳು, ನನ್ನ ಕಿವಿಯಾರೆ ಕೇಳಿದೆ ಎನ್ನುತ್ತಿದ್ದರು ಮೇಷ್ಟ್ರು. ಹೇಳಲೇ ಇಲ್ಲ, ಅತ್ತಿಗೆಯ ತೋಳಿನ ಕೆಳಗೆ ನುಸುಳಿಕೊಂಡು ಬಂದೆ ಎನ್ನುತ್ತಿದ್ದರು ಶಾಂತಾದೇವಿ. ಸಾಕ್ಷಿ ಹೇಳಬೇಕಾದ ಅಕ್ಕ ತೀರಿಕೊಂಡು ಎಂಟು ವರ್ಷವಾಗಿತ್ತು.

ಅಂಥದ್ದರಲ್ಲಿ ಅಟ್ಟದ ಟ್ರಂಕಿನಲ್ಲಿ, ಹೆಣ್ಣನ್ನು ಮನೆ ತುಂಬಿಸಿಕೊಳ್ಳುವ ತನಕ ಎಲ್ಲವನ್ನೂ ರೆಕಾರ್ಡ್ ಮಾಡಿದ್ದ ಮದುವೆಯ ಕ್ಯಾಸೆಟ್ ಸಿಕ್ಕಿತು. ಮೇಷ್ಟ್ರು ಅಲ್ಲೇ ಷರತ್ತು ಕಟ್ಟಿದರು. ಹೆಸರು ಕೇಳಿಸಿದರೆ ಶಾಂತಾದೇವಿ ದಿನಾ ಬೆಳಗ್ಗೆ ಹೆಸರು ಹಿಡಿದು ಕರೆದೇ ಕಾಫಿ ಕೊಡಬೇಕು. ಕೇಳಿಸದಿದ್ದರೆ ಮೇಷ್ಟ್ರು ಸಾಯುವ ತನಕ ಈ ಮಾತೆತ್ತಬಾರದು. ಹಾಸನದಲ್ಲಿದ್ದ ಮಗಳು ಹೇಮಾಶ್ರೀ, ಹಳೇ ಟೇಪು ಎರಡನೇ ಸಲ ಓಡುವ ನಂಬಿಕೆಯಿಲ್ಲ, ಮೊದಲ ಸಲವೇ ಕಂಪ್ಯೂಟರಿಗೆ ಹತ್ತಿಸಿಕೊಳ್ಳಿ ಎಂದು ಒಂದು ವೈರು ಕಳಿಸಿ, ಫೋನಿನಲ್ಲೇ ಪಾಠ ಹೇಳಿದಳು.

ಮೇಷ್ಟ್ರು ವೈರು ಸಿಕ್ಕಿಸಿ, ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಶುರುಮಾಡಿ, ಕೈಮುಗಿದು, ಟೇಪ್ ರೆಕಾರ್ಡರಿನ ಗುಂಡಿ ಒತ್ತಿದರು. ಟೇಪು ಜೋರಾಗಿ ಹಾಡತೊಡಗಿತು. ಅಷ್ಟರಲ್ಲಿ ಆರು ದಿನದಿಂದ ಬಾರದ ನಲ್ಲಿ ನೀರು ಬಂತು. ಉಸಿರೆತ್ತದೆ ಕಾವಲು ಕೂತಿರು ಎಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿ, ಮೇಷ್ಟ್ರು ಪಂಚೆ ಎತ್ತಿ ಕಟ್ಟಿಕೊಂಡು ಮೋಟರಿನ ಕಡೆ ಓಡಿದರು.

ತೊಟ್ಟಿ ತುಂಬಿಸಿ ಬರುವಾಗ ಎಲ್ಲ ಮುಗಿದಿತ್ತು.

“ಬಂತು, ಹೋಯ್ತು ಕಣ್ರೀ” ಎಂದರು ಶಾಂತಾದೇವಿ, ಗೋಡೆಯ ಕ್ಯಾಲೆಂಡರ್ ನೋಡುತ್ತಾ. “ಅತ್ಗೆ ಹೆಸ್ರು ಕೇಳಿದ್ ಹೊತ್ಗೆ ಸರಿಯಾಗಿ ಓಲಗದೋರು ಊದ್ಬುಟ್ರು. ಏನೂ ಕೇಳಿಸ್ಲಿಲ್ಲ.”

ಮೇಷ್ಟ್ರು ಆತುರಕ್ಕೆ ಬಿದ್ದು ಟೇಪು ಹಿಂದಕ್ಕೆ ಸುತ್ತಿಸಿದರು. ಅದು ಒಳಗೇ ಸಿಕ್ಕಿಕೊಂಡು, ಶಾವಿಗೆಯ ಹಾಗೆ ಈಚೆ ಬಂದು, ಕಿತ್ತುಹೋಯಿತು. ಮೇಷ್ಟ್ರಿಗೆ ಅಳು ಬರುವುದೊಂದು ಬಾಕಿ. ಕಂಪ್ಯೂಟರಿಗಾದರೂ ಹತ್ತಿದೆಯೋ ಎಂದು ಮಗಳಿಗೆ ಫೋನು ಮಾಡಿದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ಟೇಪಿನ ಸದ್ದು ಹೊರಗೆ ಕೇಳಿಸುತ್ತಿತ್ತೇ ಎಂದು. ಕೇಳಿಸುತ್ತಿತ್ತು ಎಂದರು. ಹಾಗಾದರೆ ವೈರನ್ನು ತಪ್ಪು ತೂತಿಗೆ ಸಿಕ್ಕಿಸಿದ್ದೀರಿ, ಕಂಪ್ಯೂಟರ್ ಟೇಪನ್ನಲ್ಲ, ಇಡೀ ರೂಮನ್ನೇ ರೆಕಾರ್ಡ್ ಮಾಡಿಕೊಂಡಿದೆ ಎಂದು ಅವಳು ನಕ್ಕಳು.

ಶಾಂತಾದೇವಿ ಅಡುಗೆಮನೆಗೆ ಹೋದ ಮೇಲೆ ಮೇಷ್ಟ್ರು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರು. ಫ್ಯಾನಿನ ಸದ್ದು. ನೀರು ತುಂಬುವ ಸದ್ದು. ಹೊರಗೆ ತಾವೇ ಮೋಟರನ್ನು ಬೈಯುತ್ತಿರುವುದು. ಇದೆಲ್ಲದರ ಹಿಂದೆ ಅಕ್ಕನ ಗಂಟಲು: “ಹೆಸ್ರು ಹೇಳಮ್ಮ. ಹೇಳಿದ್ರೆ ಬಾಗ್ಲು ಬಿಡ್ತೀನಿ.” ಹಿಂದೆಯೇ ಓಲಗ ಮೊಳಗಿತು. ಮದುಮಗಳು ಬಾಯಿ ತೆರೆದಳೋ ಇಲ್ಲವೋ, ದೇವರಿಗೇ ಗೊತ್ತು. ಓಲಗ ನಿಂತಿತು.

ಆಮೇಲೆ ತೀರ ಹತ್ತಿರದಲ್ಲಿ, ಕಂಪ್ಯೂಟರಿನ ಪಕ್ಕದಲ್ಲೇ, ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು.

“ಸಡಕ್ಷರಪ್ಪ ಅಂತ, ಅತ್ಗೆ. ಈಗ್ಲಾದ್ರೂ ಬಾಗ್ಲು ಬಿಡಿ.”

ಮೇಷ್ಟ್ರು ಅದನ್ನು ಮೂರು ಸಲ ಕೇಳಿದರು. ಕಣ್ಣು ಮಂಜಾಯಿತು, ಕನ್ನಡಕ ಒರೆಸಿಕೊಂಡು ನಾಲ್ಕನೇ ಸಲ ಕೇಳಿದರು.

ಏನಾದರೂ ಸಿಕ್ಕಿತೇ ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು. ಅದರಲ್ಲಿ ಸ್ವಲ್ಪ ಅಳುಕೂ ಇತ್ತು.

“ಬರೀ ಓಲಗ ಕಣೇ” ಎಂದರು ಮೇಷ್ಟ್ರು. “ನೀನೇ ಗೆದ್ದೆ.”

ಉಳಿಸುವ ಮುನ್ನ ಫೈಲಿಗೊಂದು ಹೆಸರು ಕೊಡಿ ಎಂದು ಕಂಪ್ಯೂಟರ್ ಕೇಳಿತು. ಮೂವತ್ತೊಂದು ವರ್ಷ ಕನ್ನಡ ಕಲಿಸಿದ ಮೇಷ್ಟ್ರು ಒಂದೊಂದೇ ಅಕ್ಷರ ಹುಡುಕಿ, ಒತ್ತಿ, ‘ಸಡಕ್ಷರಪ್ಪ’ ಎಂದು ಬರೆದರು.