ದೂರದರ್ಶಕಕ್ಕೊಂದು ಹೊದಿಕೆ

ಸಂಜೆ ಎಣಿಸಿದಾಗ ಡಬ್ಬಿಯಲ್ಲಿ ಹನ್ನೊಂದೇ ಸೂಜಿಗಳಿದ್ದವು. ಬೆಳಿಗ್ಗೆ ಹನ್ನೆರಡಿದ್ದವು.

ನಾನು ಮೊದಲು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದವಳು. ಈಗ ಆಕಾಶಕ್ಕೆ ಹೋಗುವ ದೂರದರ್ಶಕಕ್ಕೆ ಹೊದಿಕೆ ಹೊಲಿಯುತ್ತೇನೆ. ನಕ್ಷತ್ರಗಳಿಂದ ಬರುವ, ಕಣ್ಣಿಗೆ ಕಾಣದ ಶಾಖದ ಬೆಳಕನ್ನು ಅದು ನೋಡುತ್ತದೆ; ಅವಗೆಂಪು ಎನ್ನುತ್ತಾರೆ. ತನ್ನ ಮೈಯೇ ಬೆಚ್ಚಗಿದ್ದರೆ ಅದಕ್ಕೆ ತನ್ನ ಶಾಖವೇ ಕಾಣುತ್ತದೆ, ನಕ್ಷತ್ರವಲ್ಲ. ಅದಕ್ಕೇ ಇಪ್ಪತ್ತು ತೆಳು ಬೆಳ್ಳಿಬಣ್ಣದ ಹಾಳೆಗಳ ಹೊದಿಕೆ. ಒಳಗೊಂದು ಸೂಜಿ ಉಳಿದರೆ ಬಿಸಿಲಿನ ಶಾಖ ಅದನ್ನೇ ಹಿಡಿದು ಒಳಗೆ ಬರುತ್ತದೆ. ಇದೆಲ್ಲ ಸಂಜೆ ತರಗತಿಯಲ್ಲಿ ಕಲಿತದ್ದು. ತಪ್ಪಿದ್ದರೆ ತಪ್ಪು ನನ್ನದು, ಮೇಷ್ಟ್ರದ್ದಲ್ಲ.

ಹೊದಿಕೆ ಮರುದಿನ ಹೊರಡಬೇಕಿತ್ತು. ನಾನೊಬ್ಬಳೇ ಹೊಲಿದ ಮೊದಲ ಹೊದಿಕೆ. ಒಪ್ಪಿಗೆಯಾದರೆ ಕೆಲಸ ಖಾಯಂ.

"ಇನ್ನೊಂದ್ಸಲ ಎಣಿಸು," ಎಂದರು ಪಕ್ಕದ ಮೇಜಿನ ಅಕ್ಕ.

"ಆರು ಸಲ ಎಣಿಸಿದೆ ಅಕ್ಕ."

"ನೀನು ಎಣಿಸೋ ರೀತಿಗೆ ಸೂಜಿಗಳೇ ಗಾಬರಿಯಾಗಿ ಓಡಿಹೋಗ್ತವೆ."

ಸುಮ್ಮನಿದ್ದರೆ ಅಕ್ಕನ ಹೊರತು ಯಾರಿಗೂ ತಿಳಿಯದು ಎಂಬ ಯೋಚನೆ ಬಂತು. ಬಂದದ್ದಕ್ಕೇ ನಾಚಿಕೆಯಾಗಿ ನಮ್ಮ ಎಂಜಿನಿಯರ್ ಕೋಣೆಯ ಬಾಗಿಲು ತಟ್ಟಿದೆ.

"ನಿಯಮ ಯಾಕಮ್ಮಾ ಬರೆದಿದೀನಿ?" ಎಂದರು ಅವರು. "ಒಂದು ಸೂಜಿ ಕಮ್ಮಿಯಾದ್ರೂ ಹೊದಿಕೆ ಬಿಚ್ಚಿ ನೋಡ್ಬೇಕು. ಬಿಚ್ಚಿ."

ಮೂರು ವಾರದ ಹೊಲಿಗೆ ಬಿಚ್ಚತೊಡಗಿದೆ. ಅಕ್ಕ ಮನೆಗೆ ಹೋಗದೆ ಎದುರಿಗೆ ಕೂತರು. ಎಂಜಿನಿಯರ್ ಪಕ್ಕದಲ್ಲೇ ನಿಂತು ನಿಯಮ ಹೇಳುತ್ತಿದ್ದರು. ಎಂಟನೆಯ ಹಾಳೆಯ ಹೊತ್ತಿಗೆ ಕನ್ನಡಕಕ್ಕೆಂದು ಕೋಟಿನ ಜೇಬಿಗೆ ಕೈಹಾಕಿದವರು "ಸ್ಸ್" ಎಂದು ಬೆರಳು ಚೀಪಿಕೊಂಡರು. ಮತ್ತೆ ಮೆಲ್ಲಗೆ ಕೈಹಾಕಿ ಸೂಜಿ ಹೊರತೆಗೆದರು.

"ಮಧ್ಯಾಹ್ನ ಫೋನಿನ ಸಿಮ್ ತೆಗೀಬೇಕಿತ್ತು. ಡಬ್ಬಿ ಅಲ್ಲೇ ಇತ್ತು, ಒಂದು ಸೂಜಿ ತಗೊಂಡೆ. ವಾಪಸ್ ಇಡೋದು ಮರ್ತೇಹೋಯ್ತು."

"ನಕ್ಷತ್ರ ನೋಡೋಕೆ ಯಂತ್ರ ಇದೆ," ಎಂದರು ಅಕ್ಕ, "ನಿಮ್ಮ ಜೇಬು ನೋಡೋಕೆ ಇನ್ನೂ ಬಂದಿಲ್ಲ ಸಾರ್."

ದಾಖಲೆ ಪುಸ್ತಕ ಬರೆಯಬೇಕಾದವಳು ನಾನು. "ಸೂಜಿ ಸಿಕ್ತು ಅಂತಷ್ಟೇ ಬರೀಬಹುದಲ್ವಾ," ಎಂದರು ಎಂಜಿನಿಯರ್. ನನ್ನನ್ನು ಖಾಯಂ ಮಾಡುವ ಸಹಿಯೂ ಅವರದೇ. ಆದರೂ ಪೆನ್ನು ಕೆಳಗಿಟ್ಟು ಹೇಳಿದೆ.

"ಎಲ್ಲಿ ಅಂತ ಬರೀದಿದ್ರೆ ಹೊದಿಕೆಯಲ್ಲೇ ಸಿಕ್ತು ಅಂದ್ಕೋತಾರೆ ಸಾರ್."

ಅವರು ಬೆರಳನ್ನೇ ನೋಡುತ್ತ ನಿಂತರು. "ಬರೀರಿ. ನನ್ನ ಕೋಟು, ಎಡ ಜೇಬು."

ಆಮೇಲೆ ಕೈ ತೊಳೆದು ಬಂದು, ನಾನು ಮತ್ತೆ ಹೊಲಿಯಲೆಂದು ಹಾಳೆಯ ಅಂಚು ಹಿಡಿದರು. "ನೆಟ್ಟಗೆ ಹಿಡೀರಿ ಸಾರ್, ಸುಕ್ಕಾಗ್ತಿದೆ," ಎಂದು ಅಕ್ಕ ಗದರಿದರು.

ಹೊದಿಕೆ ನಾಲ್ಕು ದಿನ ತಡವಾಗಿ ಹೊರಟಿತು. ಖಾಯಂ ಪತ್ರ ಅದಕ್ಕಿಂತ ಮೊದಲೇ ಬಂತು. ಬೇರೆ ಯಾರದ್ದೋ ಪತ್ರ ನನ್ನ ಮೇಜಿಗೆ ಬಂದಿದೆಯೇನೋ ಎಂದು ವಾಪಸ್ ಕೊಡಲು ಹೋಗಿದ್ದೆ.