ಬುನ್ನಿ ಮೊಟ್ಟೆಯ ಪೊರೆ

ಗಂಡ ಕೈ ತೊಳೆಯಲು ಎದ್ದುಹೋಗುವುದನ್ನೇ ಕಾಯುತ್ತಿದ್ದವಳಂತೆ ಕೌಸರ್ ತಂಗಿಯ ಕಿವಿಯತ್ತ ಬಾಗಿದಳು.

"ಇದು ಬುನ್ನಿ ಅಲ್ಲ ಕಣೆ. ಬಾಯಿಗಿಟ್ರೆ ಕೆಸರು. ಯಾರ ಹತ್ರಾನೂ ಅನ್ಬೇಡ."

ಇಂತಿಸಾರ್ ತಟ್ಟೆಯತ್ತ ನೋಡಿದಳು. ಬೆನ್ನು ಸೀಳಿ ಕೆಂಡದೆದುರು ಸುಟ್ಟ ಮೀನು, ಪಕ್ಕದಲ್ಲಿ ಅಕ್ಕಿ ರೊಟ್ಟಿ. ಅವಳ ನಾಲಿಗೆಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. ಜೌಗು ಬತ್ತಿ ಊರವರೆಲ್ಲ ಬಸ್ರಾಕ್ಕೆ ಗುಳೆ ಹೋದಾಗ ಅವಳಿನ್ನೂ ಕೈಗೂಸು. ಜೌಗಿನ ಬುನ್ನಿ ಮೀನು ತಿಂದು ಬೆಳೆದವಳು ಅಕ್ಕ. ಆದರೆ ಎರಡು ವರ್ಷದ ಹಿಂದೆ ಅಕ್ಕನಿಗೆ ಕೆಟ್ಟ ಜ್ವರ ಬಂದಿತ್ತು. ಅಂದಿನಿಂದ ಅವಳ ನಾಲಿಗೆ ಸತ್ತಿದೆಯೆಂದು ಭಾವ ಖಲಫ್ ಬಂದವರೆದುರೆಲ್ಲ ಹೇಳಿ ನಗುತ್ತಿದ್ದ. ಕೌಸರ್ ಕೂಡ ಅದನ್ನು ನಂಬಿ, ಸಾರಿನ ಉಪ್ಪು ನೋಡಲು ನೆರೆಮನೆಯವಳನ್ನು ಕರೆಯುತ್ತಿದ್ದಳು.

ಖಲಫ್ ಚಿಬಾಯಿಶ್ ಜೌಗಿನ ಅಂಚಿನಲ್ಲಿ ಮೀನುಮರಿ ಕೇಂದ್ರ ನಡೆಸುತ್ತಿದ್ದ. ನೀರು ಮರಳಿ ಬಂದರೂ ಬುನ್ನಿ ಮರಳಿರಲಿಲ್ಲ. ಅದರ ಮರಿ ಮಾಡಿ ಜೌಗಿಗೆ ಬಿಡುವುದು ಅವನ ಕೆಲಸ. ಬುನ್ನಿಯನ್ನು ಮರಳಿ ತಂದ ಪುಣ್ಯಾತ್ಮ ಎಂದು ದೋಣಿಯವರು ಅವನಿಗೆ ಎದ್ದು ನಿಂತು ಸಲಾಂ ಹೇಳುತ್ತಿದ್ದರು. ಅಂಥವನು ಮೋಸ ಮಾಡುತ್ತಾನೆಯೆ? ಇಲ್ಲ, ಜ್ವರ ಅಕ್ಕನ ನಾಲಿಗೆಯ ಜೊತೆಗೆ ತಲೆಯನ್ನೂ ಕೆಡಿಸಿತೆ? ಬಸ್ರಾಕ್ಕೆ ಮರಳುವ ದಾರಿಯುದ್ದಕ್ಕೂ ಇಂತಿಸಾರ್ ಒಮ್ಮೆ ಇವನನ್ನು ಅನುಮಾನಿಸಿದಳು, ಒಮ್ಮೆ ಅವಳನ್ನು.

ಸಂಶಯ ತೀರಿಸಿಕೊಳ್ಳುವ ದಾರಿ ಅವಳ ಕೈಯಲ್ಲೇ ಇತ್ತು. ಮೀನಿನ ಮೊಟ್ಟೆಯ ಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ವಿಶ್ವವಿದ್ಯಾಲಯದಲ್ಲಿ ಅವಳ ಕಸುಬು. ಸಾಸಿವೆ ಕಾಳಿನಷ್ಟು ಮೊಟ್ಟೆ ಅಲ್ಲಿ ಒಂದು ಭೂಮಿಯಾಗಿ ಹರಡಿಕೊಳ್ಳುತ್ತದೆ: ಜರಡಿಯಂತೆ ಮೈತುಂಬ ರಂಧ್ರಗಳು, ಒಂದು ಕಡೆ ತಗ್ಗು, ಆ ತಗ್ಗಿನಲ್ಲಿ ಗಂಡಿನ ಬೀಜ ಒಳನುಗ್ಗುವ ಒಂದೇ ಒಂದು ಬಾಗಿಲು. ಆ ಬಾಗಿಲ ಅಂಚು, ಪೊರೆಯ ದಪ್ಪ, ರಂಧ್ರಗಳ ದಟ್ಟಣೆ ಒಂದೊಂದು ಜಾತಿಗೆ ಒಂದೊಂದು ಬಗೆ.

ಸಂಶೋಧನೆಗೆಂದು ಸುಳ್ಳು ಹೇಳಿ ಕೇಂದ್ರದ ಮೊಟ್ಟೆ ಕೇಳಿದಳು. ಖಲಫ್ ಎರಡನೇ ಮಾತಿಲ್ಲದೆ ತಾನೇ ಸೀಸೆ ತುಂಬಿ ಕಳಿಸಿಕೊಟ್ಟ. ಜೌಗು ಬತ್ತುವ ಮೊದಲು ಸಿಕ್ಕ ಬುನ್ನಿಯೊಂದರ ಕಾಪಿಟ್ಟ ಮೊಟ್ಟೆ ಅವಳಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಬಾಗಿಲಿಗೆ ಬಾಗಿಲು, ಅಂಚಿಗೆ ಅಂಚು ಹೊಂದಿತು. ಅಕ್ಕ ಹೇಳಿದ ಕೆಸರು ರುಚಿಯಿಂದ ಅವಳು ಶಂಕಿಸಿದ್ದ ಗೆಂಡೆ ಮೀನಿನ ಗುರುತು ಎಲ್ಲೂ ಇಲ್ಲ.

ಭಾವನದು ತಪ್ಪಿಲ್ಲವೆಂದು ಫೋನಿನಲ್ಲಿ ಹೇಳಿದಾಗ ಕೌಸರ್, "ಹಾಗಾದ್ರೆ ನನ್ನ ನಾಲಿಗೇನೇ ಹೋಗಿದೆ ಬಿಡು," ಅಂದಳು. ಆ ಪಾಪದವಳು ಮನಸ್ಸು ತಡೆಯದೆ ಗಂಡನಿಗೆ ಎಲ್ಲ ಹೇಳಿ ಕ್ಷಮೆಯನ್ನೂ ಕೇಳಿಕೊಂಡಳು.

ಖಲಫ್ ಸಿಟ್ಟಾಗಲಿಲ್ಲ. ಕುರಿ ಕೊಯ್ಯಿಸಿ ನೆಂಟರನ್ನೆಲ್ಲ ಕರೆದ. ಊಟವಾಗಿ ಒಣನಿಂಬೆಯ ಚಹಾ ಬಂದಾಗ ಎಲ್ಲರ ಮುಂದೆ ನಾದಿನಿಯನ್ನು ಛೇಡಿಸಿದ.

"ಏನಮ್ಮಾ ಡಾಕ್ಟರಮ್ಮ, ಭಾವನ ಹೊಟ್ಟೆ ಸೀಳಿ ನೋಡಿದ್ದಾಯ್ತಾ? ಮೊಟ್ಟೆ ಕೇಳಿದಾಗ್ಲೇ ನನಗೆ ಗೊತ್ತಾಯ್ತು. ಇಷ್ಟು ವರ್ಷ ಇದೇ ಚಾಪೆ ಮೇಲೆ ಕೂತು ಪೊರೆ, ಪೊರೆ ಅಂತ ನಮ್ಮ ತಲೆ ತಿಂದಿದ್ದೀಯಲ್ಲ."

ಎಲ್ಲರೂ ನಕ್ಕರು. ಇಂತಿಸಾರಳೂ ನಕ್ಕಳು, ಆದರೆ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಗೊತ್ತಿತ್ತೆ? ಗೊತ್ತಿದ್ದೇ ಕೊಟ್ಟನೆ? ವರ್ಷವರ್ಷವೂ ವಿದ್ಯಾರ್ಥಿಗಳಿಗೆ ತಾನೇ ಹೇಳುವ ಪಾಠ ಆಗ ಎದೆಗೆ ಒದ್ದಂತೆ ನೆನಪಾಯಿತು. ಪೊರೆ ಬೆಳೆಯುವುದು ತಾಯಿಯ ಒಡಲಿನಲ್ಲಿ, ಗಂಡಿನ ಸೋಂಕು ತಗಲುವ ಮೊದಲೇ. ಅದು ತಾಯಿ ಯಾರೆಂದು ಹೇಳೀತೇ ಹೊರತು ತಂದೆಯ ವಿಷಯದಲ್ಲಿ ಮೂಕ. ಅಕ್ಕನ ಸಂಶಯ ತೀರಿಸುವ ಅವಸರದಲ್ಲಿ ಇಷ್ಟನ್ನು ಮರೆತಿದ್ದಳು. ಭಾವ ಮರೆತಿರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನನ್ನು ಎಬ್ಬಿಸಿ, ಏನೂ ವಿವರಿಸದೆ, ಕೇಂದ್ರಕ್ಕೆ ಕರೆದುಕೊಂಡು ಹೋದಳು. ಮೊಟ್ಟೆ ಹಿಂಡುವ ಕಾಲ ಅದು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೆಣ್ಣು ಬುನ್ನಿಯ ಹೊಟ್ಟೆ ನೀವಿ ಖಲಫ್ ಆಗಲೇ ಬೋಗುಣಿ ತುಂಬಿಸಿದ್ದ. ಈಗ ಗಂಡುಮೀನೊಂದನ್ನು ಬೋಗುಣಿಯ ಮೇಲೆ ಹಿಡಿದಿದ್ದ. ಬಾಗಿಲಲ್ಲಿ ಹೆಂಗಸರನ್ನು ಕಂಡು ಅವನ ಕೈ ನಿಂತಿತು. ಗಂಡುಮೀನಿನ ಬಾಯಿಯಂಚಿನಲ್ಲಿ ಗೆಂಡೆಯ ನಾಲ್ಕು ಮೀಸೆ ಜೋತಾಡುತ್ತಿದ್ದವು. ಹತ್ತಿರ ಹೋಗುವ ಅಗತ್ಯವೂ ಬೀಳಲಿಲ್ಲ.

ಅವನು ಸುಳ್ಳು ಹೇಳಲಿಲ್ಲ. ನೀರು ಉಪ್ಪೇರಿದ ವರ್ಷ ಬುನ್ನಿ ಗಂಡುಗಳೆಲ್ಲ ಸತ್ತವಂತೆ. ಹೊಸದು ಸಿಗಲಿಲ್ಲ. ಮರಿ ಇಲ್ಲವೆಂದರೆ ಕೇಂದ್ರಕ್ಕೆ ಬೀಗ. ಬೆರಕೆ ಮರಿಗಳಾದರೂ ಚೆನ್ನಾಗಿ ಬದುಕುತ್ತಿದ್ದವು.

"ಜನಕ್ಕೆ ಬೇಕಾಗಿರೋದು ಮೀನು, ಅದರ ಕುಲಗೋತ್ರ ಅಲ್ಲ," ಅಂದ, ಇಂತಿಸಾರಳತ್ತ ನೋಡುತ್ತ. "ಯಾರಿಗೆ ಏನು ನಷ್ಟ ಆಯ್ತು, ಹೇಳು?"

ಉತ್ತರ ಬಂದದ್ದು ಕೌಸರಳಿಂದ.

"ನಿಮ್ಮ ಮೀನಿಗೋಸ್ಕರ ನನ್ನ ನಾಲಿಗೆ ಸಾಯ್ಸಿದ್ರಿ. ಎರಡು ವರ್ಷ ನಾನು ಮಾಡಿದ ಅಡುಗೇನ ನಾನೇ ನಂಬ್ಲಿಲ್ಲ."

ಖಲಫ್ ಅವಳತ್ತ ತಿರುಗಿದ. ಗೆಂಡೆ ಅವನ ಕೈಯಿಂದ ಜಾರಿ ಒದ್ದೆ ನೆಲದ ಮೇಲೆ ಪಟಪಟ ಬಡಿದುಕೊಂಡಿತು.

ಇಂತಿಸಾರ್ ಅಂದೇ ದೋಣಿಯವರ ಹಿರಿಯರಿಗೆ ವಿಷಯ ತಿಳಿಸಿದಳು. ತಾನು ಮೊದಲು ತಪ್ಪಾಗಿ ತೀರ್ಪು ಕೊಟ್ಟದ್ದನ್ನೂ ಮುಚ್ಚಿಡಲಿಲ್ಲ. ತೊಟ್ಟಿಯಲ್ಲಿದ್ದ ಮರಿಗಳನ್ನು ಜೌಗಿಗೆ ಬಿಡದೆ ಸಾಕುಕೆರೆಗೆ ಹಾಕಿದರು. ಹಿಂದೆ ಬಿಟ್ಟವುಗಳಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಖಲಫನನ್ನು ಕೇಂದ್ರದಿಂದ ತೆಗೆದರು. ಕೌಸರ್ ಅವನನ್ನು ಬಿಡಲಿಲ್ಲ, ಆದರೆ ಜನರೆದುರು ಅವನು ಏನು ಹೇಳಿದರೂ "ಹೌದಾ? ನೋಡೋಣ," ಎನ್ನುವುದನ್ನು ಕಲಿತಳು.

ಮುಂದಿನ ವಸಂತದಲ್ಲಿ ಮೀನುಗಾರರು ಗಡಿಯಾಚೆಯ ಜೌಗಿನಿಂದ ಗಂಡು ಬುನ್ನಿಗಳನ್ನು ಹುಡುಕಿ ತಂದರು. ಬೋಗುಣಿಯ ಪಕ್ಕ ಈ ಸಲ ಇಂತಿಸಾರ್ ತಾನೇ ನಿಂತಿದ್ದಳು. ತಂದವರು ಬೇಸರಿಸಿಕೊಂಡರೂ ಒಂದೊಂದು ಮೀನನ್ನೂ ತಿರುಗಿಸಿ ಮುರುಗಿಸಿ ನೋಡಿದ ಮೇಲೇ ಮುಂದಕ್ಕೆ ಬಿಟ್ಟಳು.